ಕ್ಲಚ್ ಕಿರುಗುಟ್ಟಿದರೆ ಒಳಗೆ ಎಣ್ಣೆ ಹೊಡೆಸಬೇಡಿ

ಹೈಡ್ರಾಲಿಕ್ ಕ್ಲಚ್ (ಕೇಬಲ್ ಬದಲು ಆಯಿಲ್ ಒತ್ತಡದಿಂದ ನಡೆಯುವುದು) ಇರುವ ಒಂದು ಹ್ಯಾಚ್‌ಬ್ಯಾಕ್ ಕಾರು. ಕ್ಲಚ್ ತುಳಿದಾಗಲೆಲ್ಲ ಕಿರ್ರ್ ಎನ್ನುತ್ತಿತ್ತು. ಗ್ಯಾರೇಜಿನಲ್ಲಿ ಕ್ಲಚ್ ಫೋರ್ಕ್ (ಕ್ಲಚ್ ಬಿಡಿಸುವ ಕವಲು ಸನ್ನೆ) ಹೊರಬರುವ ಕಡೆಯ ರಬ್ಬರ್ ಬೂಟ್ ಸರಿಸಿ, ತುಕ್ಕು ಬಿಡಿಸುವ ಸ್ಪ್ರೇಯನ್ನು ಕ್ಲಚ್ಚನ್ನು ಮುಚ್ಚಿರುವ ಬೆಲ್ ಹೌಸಿಂಗ್ ಒಳಕ್ಕೆ ಹೊಡೆದರು. ಸದ್ದು ನಿಲ್ಲಲಿಲ್ಲವೆಂದು ಮಾರನೆಯ ದಿನ ಇನ್ನಷ್ಟು ಹೊಡೆದರು. ಮುಂದೆ ಶಿರಾಡಿ ಘಾಟಿ ಏರುವಾಗ ಮೂರನೇ ಗೇರಿನಲ್ಲಿ ಇಂಜಿನ್ ಮಾತ್ರ ಕೂಗಿತು, ಕಾರು ಏರಲಿಲ್ಲ, ಸುಟ್ಟ ವಾಸನೆ ಬಂತು. ಗೇರ್ ಬಾಕ್ಸ್ ಇಳಿಸಿದರೆ ಕ್ಲಚ್ ಪ್ಲೇಟ್ ಎಣ್ಣೆಯಲ್ಲಿ ನೆಂದಿತ್ತು. ಹೊಸ ಕ್ಲಚ್ ಸೆಟ್ ಹಾಕಿ ಪೆಡಲ್ ತುಳಿದರೆ ಮತ್ತೆ ಅದೇ ಕಿರ್ರ್! ಸದ್ದು ಬರುತ್ತಿದ್ದದ್ದು ಪೆಡಲಿನ ಮೇಲ್ತುದಿಯ ಕೀಲಿನಲ್ಲಿ ಬಳೆಯಂತೆ ಕೂರುವ, ಒಣಗಿದ ನೈಲಾನ್ ಬುಶ್‌ನಿಂದ. ಬಟಾಣಿ ಕಾಳಿನಷ್ಟು ಸಿಲಿಕೋನ್ ಗ್ರೀಸ್ ಸಾಕಿತ್ತು.

ಪ್ಲೇಟಿನ ಮೇಲೆ ಹಿಡಿತ ಕೊಡುವ ಲೈನಿಂಗ್‌ನಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ, ಅದು ಎಣ್ಣೆ ಹೀರಿಕೊಳ್ಳುತ್ತದೆ. ಬಿಸಿಗೆ ಆ ಎಣ್ಣೆ ಕರಕಾಗಿ ಮೇಲ್ಮೈ ಗಾಜಿನಂತೆ ನುಣುಪಾಗುತ್ತದೆ. ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕಿದರೆ ಹಿಡಿತ ಮರಳುವುದಿಲ್ಲ. ಪ್ಲೇಟ್ ಬದಲಿಸಲೇಬೇಕು.

ಹಾಗಾಗಿ ಮೊದಲು ಸದ್ದಿನ ಜಾಗ ಹುಡುಕಿ. ಇಂಜಿನ್ ಆಫ್, ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಬಿಗಿ. ಒಬ್ಬರು ಪೆಡಲನ್ನು ನಿಧಾನವಾಗಿ ಒತ್ತಿ ಬಿಡಲಿ, ಇನ್ನೊಬ್ಬರು ಮೊದಲು ಪೆಡಲಿನ ಮೇಲ್ತುದಿಯಲ್ಲಿ, ಆಮೇಲೆ ಬಾನೆಟ್ ತೆಗೆದು ಕಿವಿಗೊಡಲಿ. ಇಂಜಿನ್ ಆಫ್ ಇದ್ದಾಗಲೂ ಸದ್ದು ಬಂದರೆ ಅದು ಪೆಡಲ್, ಕೇಬಲ್ ಅಥವಾ ಫೋರ್ಕ್ ತಿರುಗುವ ಪಿವಟ್‌ನದು. ಇಂಜಿನ್ ಓಡುವಾಗ ಪೆಡಲ್ ಒತ್ತಿದರೆ ಮಾತ್ರ ಬರುವ ಸದ್ದು ಹೆಚ್ಚಾಗಿ ಫೋರ್ಕ್ ತಳ್ಳುವ ರಿಲೀಸ್ ಬೇರಿಂಗಿನದು. ಪೆಡಲ್ ಬಿಟ್ಟಾಗ ಗೊರಗುಟ್ಟಿ, ಒತ್ತಿದಾಗ ನಿಂತರೆ, ಕ್ಲಚ್ಚಿನಿಂದ ತಿರುಗುವ ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗ್ ಮೇಲೆ ಅನುಮಾನ. ಇಂಜಿನ್ ಓಡುತ್ತಿರುವಾಗ ಫೋರ್ಕ್ ಹತ್ತಿರ ಕೈ ಹಾಕಲೇಬೇಡಿ.

ಪೆಡಲಿನದೇ ಸದ್ದಾದರೆ ಹಳೆಯ ಜಿಡ್ಡನ್ನು ಒಣ ಬಟ್ಟೆಯಲ್ಲಿ ಒರೆಸಿ ಬುಶ್, ರಿಟರ್ನ್ ಸ್ಪ್ರಿಂಗಿನ ಎರಡೂ ತುದಿ ಮತ್ತು ಪೆಡಲಿನಿಂದ ಸಿಲಿಂಡರನ್ನು ತಳ್ಳುವ ಪುಶ್ ರಾಡ್ ಪಿನ್ನಿಗೆ ಸಿಲಿಕೋನ್ ಗ್ರೀಸ್ ಹಚ್ಚಿ. ಬುಶ್ ಸವೆದು ಮೊಟ್ಟೆಯಾಕಾರಕ್ಕೆ ಬಂದಿದ್ದರೆ ಹೊಸದು ಹಾಕಿ, ಗ್ರೀಸ್ ಅದನ್ನು ಉಳಿಸುವುದಿಲ್ಲ. ಡಬ್ಲ್ಯುಡಿ-40 ತರಹದ ಸ್ಪ್ರೇ ಇಲ್ಲಿಗೂ ಸಲ್ಲ. ಅದು ಇದ್ದ ಗ್ರೀಸನ್ನೂ ತೊಳೆದು ತಾನೂ ಆರಿಹೋಗುತ್ತದೆ, ಕೆಲವೇ ದಿನಗಳಲ್ಲಿ ಸದ್ದು ವಾಪಸ್ಸು. ಮಾಮೂಲಿ ಪೆಟ್ರೋಲಿಯಂ ಗ್ರೀಸ್ ಆಯಿಲಿಗೆ ಒತ್ತಡ ಕೊಡುವ ಮಾಸ್ಟರ್ ಸಿಲಿಂಡರಿನ ಕಡೆಗೆ ಹೋಗಬಾರದು. ಬ್ರೇಕ್ ಆಯಿಲಿಗೆಂದು ಮಾಡಿದ ರಬ್ಬರ್ ಸೀಲ್‌ಗಳು ಅದರಿಂದ ಊದಿಕೊಳ್ಳುತ್ತವೆ. ಪುಶ್ ರಾಡ್ ಒದ್ದೆಯಾಗಿ ಕಂಡರೆ ಸಿಲಿಂಡರೇ ಸೋರುತ್ತಿದೆ. ಎಷ್ಟೋ ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಆಯಿಲ್ ಡಬ್ಬಿ, ಆದ್ದರಿಂದ ಇದನ್ನು ಮುಂದೂಡಬೇಡಿ.

ಕೇಬಲ್ ಕ್ಲಚ್ ಆದರೆ, ಒಳಗೆ ಪ್ಲಾಸ್ಟಿಕ್ ಲೈನರ್ ಇರುವ ಕೇಬಲಿಗೆ ಎಣ್ಣೆ ಬಿಡಬೇಡಿ, ಧೂಳು ಅಂಟಿ ಇನ್ನೂ ಬಿಗಿಯಾಗುತ್ತದೆ. ಎಳೆ ಬಿಚ್ಚಿದ್ದರೆ ಬದಲಿಸಿ.

ಫೋರ್ಕ್ ಪಿವಟ್ ಕಿರುಗುಟ್ಟುವುದು ಮಳೆಗಾಲದಲ್ಲಿ, ನೀರು ತುಂಬಿದ ರಸ್ತೆಯಲ್ಲಿ ಓಡಿಸಿದ ಮೇಲೆ ಹೆಚ್ಚು. ಇದಕ್ಕೆ ಅಡ್ಡದಾರಿ ಇಲ್ಲ. ಗೇರ್ ಬಾಕ್ಸ್ ಇಳಿಸಿ, ತುಕ್ಕು ತೆಗೆದು, ಪಿವಟ್‌ಗೆ ಮಾಲಿಬ್ಡಿನಂ ಗ್ರೀಸನ್ನು ತೆಳುವಾಗಿ ಸವರಬೇಕು. ಇನ್‌ಪುಟ್ ಶಾಫ್ಟಿನ ಸ್ಪ್ಲೈನಿಗೂ (ಪ್ಲೇಟ್ ಕೂರುವ ಉದ್ದನೆಯ ಹಲ್ಲುಗಳು) ಅಷ್ಟೇ: ಪ್ಲೇಟನ್ನು ಹಿಂದೆ ಮುಂದೆ ಜಾರಿಸಿ, ತುದಿಯಲ್ಲಿ ಒಟ್ಟಾದದ್ದನ್ನು ಒರೆಸಿಬಿಡಿ. ಉಳಿದರೆ ತಿರುಗುವಾಗ ಅದೂ ಸಿಡಿದು ಪ್ಲೇಟಿಗೇ ಹಾರುತ್ತದೆ. ಹಾಗಂತ ಸುಮ್ಮನೆ ಬಿಟ್ಟರೂ ಕಷ್ಟ. ಒಣ ಪಿವಟ್ ಉಜ್ಜಿ ಉಜ್ಜಿ ಫೋರ್ಕಿನಲ್ಲಿ ತೂತು ಬಿದ್ದರೆ ನಡುರಸ್ತೆಯಲ್ಲಿ ಪೆಡಲ್ ಸತ್ತುಬೀಳುತ್ತದೆ.

ರಿಲೀಸ್ ಬೇರಿಂಗನ್ನು ಪೆಟ್ರೋಲ್, ಸೀಮೆಎಣ್ಣೆಯಲ್ಲಿ ಅದ್ದಿ ತೊಳೆಯಲು ಬಿಡಬೇಡಿ. ಅದು ಸೀಲ್ ಮಾಡಿದ ಬೇರಿಂಗ್, ಒಳಗಿನ ಗ್ರೀಸ್ ಹೋದರೆ ಮತ್ತೆ ತುಂಬಲಾಗದು. ಗೇರ್ ಬಾಕ್ಸ್ ಇಳಿಸಿದ ಮೇಲೆ ಹೊಸದನ್ನೇ ಹಾಕಿ, ಕೂಲಿ ಹೇಗೂ ಕೊಟ್ಟಾಗಿದೆ. ಹಳೆಯ ಕಾರಾದರೆ ಒಳಗಿನ ಧೂಳಿಗೆ ಗಾಳಿ ಹೊಡೆಸಬೇಡಿ, ಅದರಲ್ಲಿ ಉಸಿರಾಟಕ್ಕೆ ಅಪಾಯಕಾರಿಯಾದ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಲಿ.

ಈಗಾಗಲೇ ಯಾರೋ ಒಳಗೆ ಸ್ಪ್ರೇ ಹೊಡೆದಿದ್ದರೆ, ಖಾಲಿ ಸಮತಟ್ಟು ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ 40 ಕಿ.ಮೀ. ವೇಗಕ್ಕೆ ಬಂದು ಆಕ್ಸಿಲರೇಟರ್ ಪೂರ್ತಿ ಒತ್ತಿ ನೋಡಿ. ಆರ್‌ಪಿಎಂ ಮುಳ್ಳು ತಟ್ಟನೆ ಮೇಲೇರಿ ವೇಗ ಮಾತ್ರ ಏರದಿದ್ದರೆ ಪ್ಲೇಟ್ ಜಾರುತ್ತಿದೆ. ಆ ಕಾರನ್ನು ಘಾಟಿಗೆ ಒಯ್ಯಬೇಡಿ.