ಏರ್‌ಬ್ಯಾಗ್ ದೀಪ ಮತ್ತು ಸೀಟಿನಡಿಯ ಹಳದಿ ವೈರು: ಸ್ಕ್ಯಾನರ್ ಕೊಂಡು ಎರಡು ವರ್ಷ ದಾಟಿದ ಮೇಲೆ

ಮೊದಲು ಒಂದು ಮಾತು. ಏರ್‌ಬ್ಯಾಗ್ ದೀಪ ಹತ್ತಿದೆ ಅಂತ ಐನೂರು ರೂಪಾಯಿಯ ಬ್ಲೂಟೂತ್ ಡಾಂಗಲ್ ತರಿಸಬೇಡಿ. ಅದು ಎಂಜಿನ್ ಕೋಡ್, ಅಂದರೆ ಕಾರಿನ ಕಂಪ್ಯೂಟರ್ ಬರೆದಿಟ್ಟ ತೊಂದರೆಯ ನಂಬರ್, ಓದುತ್ತದೆ, ಏರ್‌ಬ್ಯಾಗಿನ ಕಡೆ ತಲೆಯನ್ನೂ ಹಾಕುವುದಿಲ್ಲ. ಓಬಿಡಿ-2, ಅಂದರೆ ಕಾರು ತನ್ನ ತೊಂದರೆಯನ್ನು ತಾನೇ ಪತ್ತೆಹಚ್ಚಿ ಕೋಡ್ ಕೊಡುವ ವ್ಯವಸ್ಥೆ, ನಮ್ಮಲ್ಲಿ 2013ರಿಂದ ಕಡ್ಡಾಯ, ಆದರೆ ಆ ನಿಯಮ ಬಂದದ್ದು ಹೊಗೆಯ ಲೆಕ್ಕಕ್ಕೆ. ಹಾಗಾಗಿ ‘ಪಿ’ಯಿಂದ ಶುರುವಾಗುವ ಎಂಜಿನ್ ಕೋಡುಗಳಲ್ಲಿ ಹೆಚ್ಚಿನವು ಎಲ್ಲ ಕಾರಿಗೂ ಒಂದೇ. ಏರ್‌ಬ್ಯಾಗಿನವು ‘ಬಿ’ಯಿಂದ ಶುರು. ಅವನ್ನು ಒಂದೊಂದು ಕಂಪನಿ ತನ್ನದೇ ರೀತಿಯಲ್ಲಿ ಇಟ್ಟುಕೊಂಡಿದೆ. ಅದನ್ನು ಓದಬೇಕಾದರೆ ‘ಎಸ್‌ಆರ್‌ಎಸ್’ (ಏರ್‌ಬ್ಯಾಗ್ ವ್ಯವಸ್ಥೆ) ಸಪೋರ್ಟ್ ಇದೆ ಅಂತ ಬರೆದಿರುವ ಸ್ಕ್ಯಾನರೇ ಬೇಕು.

ನನ್ನದು ಕೈಯಲ್ಲಿ ಹಿಡಿಯುವಂಥದ್ದು, ಪುಟ್ಟ ಕಲರ್ ಸ್ಕ್ರೀನ್. ಎಂಜಿನ್, ಗೇರ್‌ಬಾಕ್ಸ್, ಎಬಿಎಸ್ (ಬ್ರೇಕಿನದು), ಎಸ್‌ಆರ್‌ಎಸ್ ನಾಲ್ಕನ್ನೂ ಓದುತ್ತದೆ. ಆರು ಸಾವಿರದ ಆಸುಪಾಸು ಕೊಟ್ಟೆ. ಇದೇ ತರಹದ್ದು ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತದೆ, ಒಳಗೆ ಅಂಥ ವ್ಯತ್ಯಾಸ ಏನೂ ಇಲ್ಲ.

ಇದನ್ನು ಕೊಳ್ಳುವಂತೆ ಮಾಡಿದ್ದು ನಮ್ಮ ಹ್ಯಾಚ್‌ಬ್ಯಾಕ್. ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡ್ ಹತ್ತಿ ಆರಬೇಕು. ಆರದೆ ಹಾಗೇ ಉರಿಯುತ್ತಿದ್ದರೆ ಎಲ್ಲೋ ತೊಂದರೆ ಇದೆ ಅಂತ, ಅಪಘಾತ ಆದಾಗ ಏರ್‌ಬ್ಯಾಗ್ ತೆರೆಯದೇ ಇರಬಹುದು. ಮೈಸೂರಿನಿಂದ ಮಂಡ್ಯಕ್ಕೆ ಎಕ್ಸ್‌ಪ್ರೆಸ್‌ವೇಯಲ್ಲಿ ವಾರ ವಾರ ಓಡಾಡುವವರು ಇದನ್ನು ನೋಡಿಯೂ ನೋಡದಂತೆ ಇರೋಕಾಗಲ್ಲ. ಸರ್ವಿಸ್ ಸೆಂಟರ್ ಒಂದರಲ್ಲಿ ತೋರಿಸಿದೆ. ‘ಪ್ಯಾಸೆಂಜರ್ ಸೀಟ್ ಸೆನ್ಸರ್ ಹೋಗಿದೆ, ಪೂರ್ತಿ ಸೆಟ್ ಬದಲಾಯಿಸಬೇಕು’ ಅಂದರು. ಯಾವ ಕೋಡ್ ಬಂತು ಅಂತ ಕೇಳಿದರೆ, ‘ಅದೆಲ್ಲ ಸಿಸ್ಟಂನಲ್ಲಿದೆ ಸಾರ್’. ಹೇಳಿದ ಖರ್ಚು ಸ್ಕ್ಯಾನರ್ ಬೆಲೆಯ ಮೂರು ಪಟ್ಟಿಗೂ ಜಾಸ್ತಿ.

ಈ ‘ಸೀಟ್ ಸೆನ್ಸರ್’ ಅನ್ನುವ ಮಾತೇ ಗೊಂದಲದ್ದು. ನಮ್ಮಂಥ ಕಾರುಗಳಲ್ಲಿ ಪಕ್ಕದ ಸೀಟಿನ ಕುಶನ್ ಒಳಗೆ ತೆಳ್ಳನೆಯ ಒಂದು ಮ್ಯಾಟ್ ಇರುತ್ತದೆ. ಅದರ ಮುಖ್ಯ ಕೆಲಸ ಬೆಲ್ಟ್ ಹಾಕದಿದ್ದರೆ ಕುಂಯ್ ಕುಂಯ್ ಅನ್ನಿಸುವುದು. 2019ರ ಜುಲೈನಿಂದ ಈ ಎಚ್ಚರಿಕೆ ಕಡ್ಡಾಯ. ಮಂಡ್ಯದ ಮಾವನ ಮನೆಯಿಂದ ಅಚ್ಚು ಬೆಲ್ಲದ ಚೀಲ ತಂದು ಆ ಸೀಟಿನ ಮೇಲಿಟ್ಟರೆ ದಾರಿಯುದ್ದಕ್ಕೂ ಅದರದ್ದೇ ಸಂಗೀತ. ಅದಕ್ಕೆ ರಿಪೇರಿ ಬೇಡ, ಬೆಲ್ಲವನ್ನು ಡಿಕ್ಕಿಗೆ ಹಾಕಿ. ಇನ್ನು ಯೂಟ್ಯೂಬಿನಲ್ಲಿ ಸೀಟಿನ ತೂಕ ಸೆಟ್ ಮಾಡುವ ವಿಡಿಯೊಗಳು ಬೇಕಾದಷ್ಟಿವೆ. ಅವು ಬಹುಪಾಲು ಅಮೆರಿಕದ ಕಾರುಗಳವು. ಅಲ್ಲಿ ಕೂತವರ ತೂಕ ನೋಡಿ, ಮಗುವಾದರೆ ಮುಂದಿನ ಏರ್‌ಬ್ಯಾಗನ್ನು ಕಾರೇ ಆಫ್ ಮಾಡುತ್ತದೆ. ನನ್ನ ಕಾರಿನಲ್ಲಿ ಆ ಕೆಲಸಕ್ಕೆ ಡ್ಯಾಶ್‌ಬೋರ್ಡಿನ ಬದಿಯಲ್ಲಿ ಕೀ ಹಾಕಿ ತಿರುಗಿಸುವ ಸ್ವಿಚ್ ಇದೆ. ತೂಕ ನೋಡುವ ಸೆನ್ಸರೇ ಇಲ್ಲ.

ಸ್ಕ್ಯಾನರ್ ಹಾಕಿದಾಗ ಬಂದ ಕೋಡೇ ಬೇರೆ: ಪ್ಯಾಸೆಂಜರ್ ಸೈಡ್ ಏರ್‌ಬ್ಯಾಗ್, ರೆಸಿಸ್ಟೆನ್ಸ್ ಹೈ, ಅಂದರೆ ಅದರ ವೈರಿನ ದಾರಿಯಲ್ಲಿ ಕರೆಂಟಿಗೆ ಅಡ್ಡಿ ಜಾಸ್ತಿ. ಈ ಏರ್‌ಬ್ಯಾಗ್ ಸೀಟಿನ ಬೆನ್ನಿನ ಪಕ್ಕದಲ್ಲಿರುತ್ತದೆ, ಅದರ ವೈರು ಸೀಟಿನಡಿಯಿಂದ ಬರುತ್ತದೆ. ಕೋಡ್ ಇಷ್ಟೇ ಹೇಳುತ್ತದೆ. ಬ್ಯಾಗ್ ಕೆಟ್ಟಿದೆಯೋ, ವೈರು ಹೋಗಿದೆಯೋ, ಕನೆಕ್ಟರ್ ಸಡಿಲವೋ, ಅದು ನಾವೇ ಹುಡುಕಬೇಕಾದದ್ದು.

ಕೊಟ್ಟ ದುಡ್ಡು ವಸೂಲಾಗಿದ್ದು ಲೈವ್ ಡೇಟಾ ಪುಟದಲ್ಲಿ, ಅಂದರೆ ಕಾರಿನ ಕಂಪ್ಯೂಟರ್ ಆ ಕ್ಷಣ ಅಳೆಯುತ್ತಿರುವುದನ್ನು ತೋರಿಸುವ ಕಡೆ. ಡ್ರೈವರ್ ಕಡೆಯ ಏರ್‌ಬ್ಯಾಗಿನ ರೆಸಿಸ್ಟೆನ್ಸ್ ಎರಡು ಓಮ್ ಹತ್ತಿರ ಅಲ್ಲಾಡದೆ ನಿಂತಿತ್ತು. ಪ್ಯಾಸೆಂಜರ್ ಕಡೆಯದೂ ಮೊದಲು ಹಾಗೇ ಇತ್ತು. ಬನ್ನಿಮಂಟಪದ ಕಡೆ ಗ್ಯಾರೇಜ್ ಇಟ್ಟಿರುವ ನಮ್ಮ ಮೆಕ್ಯಾನಿಕ್, ‘ವೈರ್ ಮುಟ್ಬೇಡಿ ಸಾರ್. ಆಚೆ ನಿಂತ್ಕೊಂಡು ಸೀಟ್ ಮಾತ್ರ ಹಿಂದೆ ಮುಂದೆ ಮಾಡಿ’ ಅಂದ. ಸೀಟು ಪೂರ್ತಿ ಹಿಂದಕ್ಕೆ ಹೋದ ತಕ್ಷಣ ಅಂಕಿ ಜಿಗಿಯಿತು. ಮುಂದೆ ತಂದರೆ ಮತ್ತೆ ಸರಿ. ಕೆಟ್ಟಿರುವ ಏರ್‌ಬ್ಯಾಗ್ ಸೀಟು ಸರಿದರೆ ಸರಿಹೋಗುತ್ತದಾ? ಇಲ್ಲ ಅಲ್ವಾ.

ಕೀ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಮ್ಯಾನ್ಯುಯಲ್ ಹೇಳಿದಷ್ಟು ಹೊತ್ತು ಕಾದೆವು. ಏರ್‌ಬ್ಯಾಗ್ ಕಂಪ್ಯೂಟರಿನ ಕೆಪಾಸಿಟರಿನಲ್ಲಿ ಒಂದಿಷ್ಟು ಕರೆಂಟ್ ಉಳಿದಿರುತ್ತದೆ. ಇದರಲ್ಲಿ ಅವಸರ ಬೇಡವೇ ಬೇಡ. ಆಮೇಲೆ ಮೊಬೈಲ್ ಟಾರ್ಚ್ ಹಿಡಿದು ಸೀಟಿನಡಿ ನೋಡಿದರೆ ಒಂದು ಕೊಡೆ, ಹುಣಸೆಬೀಜ, ಬಿಸ್ಕತ್ತಿನ ಪುಡಿ. ಅವುಗಳ ಹಿಂದೆ ಹಳದಿ ಪೈಪಿನೊಳಗಿನ ವೈರು, ಅದರ ತುದಿಗೆ ಹಳದಿ ಕನೆಕ್ಟರ್. ಲಾಕ್ ಅರ್ಧ ಮಾತ್ರ ಕೂತಿತ್ತು. ಕೊಡೆಯ ಹಿಡಿ ವೈರಿಗೆ ಸಿಕ್ಕಿಕೊಂಡಿತ್ತು. ಸೀಟು ಹಿಂದೆ ಹೋದಾಗಲೆಲ್ಲ ಎಳೆತ. ಒಂದು ಪಿನ್ನಿನ ಮೇಲೆ ಬಿಳಿ ಪುಡಿಯೂ ಇತ್ತು. ವಾಟರ್ ವಾಶ್ ಮಾಡಿಸಿದ ಮೇಲೆ ಕಾರ್ಪೆಟ್ ಸರಿಯಾಗಿ ಒಣಗದಿದ್ದರೆ ಹೀಗಾಗುತ್ತದಂತೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ, ಟಕ್ ಅನ್ನುವ ತನಕ ಒತ್ತಿ, ವೈರು ಎಳೆಯದಂತೆ ಟ್ಯಾಗ್ ಕಟ್ಟಿದ. ಬ್ಯಾಟರಿ ಹಾಕಿ ಕೋಡ್ ಅಳಿಸಿದೆವು. ದೀಪ ಆರಿತು. ಮಳೆಗಾಲ ಕಳೆದು ಮತ್ತೊಂದು ಮಳೆಗಾಲ ಬಂದರೂ ಹತ್ತಿಲ್ಲ.

ಮಲ್ಟಿಮೀಟರ್ ಇರುವವರಿಗೆ ಒಂದು ಮಾತು. ಏರ್‌ಬ್ಯಾಗಿನ ಪಿನ್ನಿಗೆ ಅದನ್ನು ಹಿಡಿದು ಓಮ್ ನೋಡಬೇಡಿ. ಮೀಟರಿನ ಸಣ್ಣ ಕರೆಂಟಿಗೂ ಅದು ಸಿಡಿಯುವ ಅಪಾಯವಿದೆ. ಕಾರಿನ ಕಂಪ್ಯೂಟರೇ ಅಳೆದದ್ದನ್ನು ಸ್ಕ್ಯಾನರ್ ತೋರಿಸುತ್ತದೆ, ಅದು ಸಾಕು.

ಬೈಯುವುದಕ್ಕೂ ಸಾಕಷ್ಟಿದೆ. ಅಪ್‌ಡೇಟ್ ಮಾಡಲು ವಿಂಡೋಸ್ ಲ್ಯಾಪ್‌ಟಾಪ್ ಬೇಕು, ಅದೂ ಗಂಟೆಗಟ್ಟಲೆ. ಮೆನುವಿನ ಇಂಗ್ಲಿಷ್ ಯಾರು ಬರೆದರೋ, ದೇವರೇ ಬಲ್ಲ. ತಂಗಿಯ ಕಾರಿನಲ್ಲಿ ಕೋಡ್ ನಂಬರ್ ಸರಿ ಬಂತು, ವಿವರಣೆ ಮಾತ್ರ ಇನ್ಯಾವುದೋ ಕಾರಿನದು. ಅಪಘಾತದಲ್ಲಿ ಏರ್‌ಬ್ಯಾಗ್ ತೆರೆದ ಮೇಲೆ ದಾಖಲಾಗುವ ಕೋಡನ್ನು ಇಂಥ ಸ್ಕ್ಯಾನರ್ ಸಾಮಾನ್ಯವಾಗಿ ಅಳಿಸಲಾರದು. ನನ್ನ ಪ್ರಕಾರ ಅದು ಒಳ್ಳೆಯದೇ.

ನಾನು ಎಣಿಸಿರದ ಉಪಯೋಗ ಆಗಿದ್ದು ಭಾವಮೈದನ ಜೊತೆ ಮಂಡ್ಯದಲ್ಲಿ ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ. ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪವೂ ಇಲ್ಲ, ಎಲ್ಲ ಕ್ಲೀನ್. ಕೀ ಹಾಕಿದಾಗ ಏರ್‌ಬ್ಯಾಗ್ ದೀಪ ಒಂದು ಕ್ಷಣವೂ ಹತ್ತಲಿಲ್ಲ ಅನ್ನುವುದೇ ಅನುಮಾನ. ಸ್ಕ್ಯಾನರ್ ಹಾಕಿದರೆ ಏರ್‌ಬ್ಯಾಗ್ ಕೋಡುಗಳ ಸಾಲು. ‘ಅದು ಸುಮ್ನೆ ಸೆನ್ಸರ್ ಪ್ರಾಬ್ಲಮ್ ಅಣ್ಣ’ ಅಂದ ಮಾರುವವನು. ನಾವು ಮುಂದಿನ ಕಾರು ನೋಡಲು ಹೋದೆವು.

ಕೊಳ್ಳುವ ಮುಂಚೆ ನಿಮ್ಮ ಕಾರಿನ ಮಾಡೆಲ್, ವರ್ಷ ಎರಡನ್ನೂ ಹೇಳಿ, ಎಸ್‌ಆರ್‌ಎಸ್ ಲೈವ್ ಡೇಟಾ ಬರುತ್ತದಾ ಅಂತ ಬರವಣಿಗೆಯಲ್ಲಿ ಕೇಳಿ. ‘ಎಲ್ಲ ಕಾರಿಗೂ ಆಗುತ್ತೆ’ ಅನ್ನುವ ಉತ್ತರ ಲೆಕ್ಕಕ್ಕಿಲ್ಲ. ಪಕ್ಕದ ಮನೆಯವರ ಹಳೆಯ ಸೆಡಾನ್‌ನಲ್ಲಿ ನನ್ನದು ಎಂಜಿನ್ ಓದಿತು, ಏರ್‌ಬ್ಯಾಗ್ ಮೆನುವೇ ತೆರೆಯಲಿಲ್ಲ. ಐದಕ್ಕೆ ನಾಲ್ಕು ಸ್ಟಾರ್, ಕಡಿದ ಒಂದು ಆ ಅಪ್‌ಡೇಟಿನ ಕಾಟಕ್ಕೆ.