ಚಿನ್ನ ತೋರಿಸುವ ಕಡ್ಡಿ ಹಿಡಿದು ತೋಟಕ್ಕೆ ಬರುವವರನ್ನು ಒಳಗೆ ಬಿಡಬೇಡಿ

ಸೋಮವಾರಪೇಟೆ, ಮಡಿಕೇರಿ ಕಡೆ ತೋಟ ಇರುವವರು ಮತ್ತು ಹೊಸದಾಗಿ ಮೆಟಲ್ ಡಿಟೆಕ್ಟರ್ ಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹಳೇ ನಾಣ್ಯ ಹುಡುಕುವ ಹವ್ಯಾಸದವರು ಎಂದು ಹೇಳಿಕೊಂಡು ಒಂದು ತಂಡ ತಿರುಗುತ್ತಿದೆ. ನಮ್ಮ ದೊಡ್ಡಪ್ಪನಿಂದ ಎರಡು ಲಕ್ಷ ರೂಪಾಯಿ ವಸೂಲಿ ಮಾಡಿಕೊಂಡು ಹೋದರು. ಹೋಗುವ ಮೊದಲು ದುಡ್ಡು ಕೊಟ್ಟರೂ ವಾಪಸ್ ಬಾರದ್ದೊಂದನ್ನು ಹಾಳು ಮಾಡಿದರು.

ನನ್ನ ಹತ್ತಿರವೂ ಡಿಟೆಕ್ಟರ್ ಇದೆ. ಕಾಫಿ ಕೊಯ್ಯುವಾಗ ಬಿದ್ದ ಓಲೆ, ನಾಟಿ ಗದ್ದೆಯಲ್ಲಿ ಜಾರಿದ ಉಂಗುರ, ಮಣ್ಣಡಿ ಸೇರಿಹೋದ ಸ್ಪ್ರಿಂಕ್ಲರ್ ಪೈಪಿನ ವಾಲ್ವ್, ಇಂಥವನ್ನು ಹುಡುಕಿಕೊಡುತ್ತೇನೆ. ನಮ್ಮ ಕೆಂಪು ಮಣ್ಣಲ್ಲಿ ಕಬ್ಬಿಣದ ಅಂಶ ಜಾಸ್ತಿ. ಗ್ರೌಂಡ್ ಬ್ಯಾಲೆನ್ಸ್ (ಮಣ್ಣಿಗೆ ತಕ್ಕಂತೆ ಡಿಟೆಕ್ಟರ್ ಹೊಂದಿಸುವುದು) ಸರಿ ಮಾಡದಿದ್ದರೆ ಬರೀ ಜಂಬಿಟ್ಟಿಗೆ ಕಲ್ಲಿಗೂ ಕೂಗುತ್ತದೆ. ಮುಳ್ಳುತಂತಿಯ ಚೂರು, ಬಾಟಲಿ ಮುಚ್ಚಳಗಳ ಕಾಟ ಬೇರೆ. ಕೊಡಗಲ್ಲಿ ಎಲ್ಲಕ್ಕಿಂತ ಹೆಚ್ಚು ಏಮಾರಿಸುವುದು ಕೋವಿ ಕಾಟ್ರಿಜ್‌ನ ಹಿತ್ತಾಳೆ ತಳ. ಥೇಟ್ ನಾಣ್ಯದ ಸದ್ದೇ ಬರುತ್ತದೆ. ಡಿಟೆಕ್ಟರ್‌ನ ಕಾಯಿಲ್ ಕಾಂತಕ್ಷೇತ್ರ ಹುಟ್ಟಿಸುತ್ತದೆ, ಲೋಹ ಹತ್ತಿರ ಇದ್ದರೆ ಅದರಲ್ಲಿ ಸಣ್ಣ ವಿದ್ಯುತ್ ಹರಿದು ಮರುಸಂಕೇತ ಬರುತ್ತದೆ. ಅಷ್ಟೇ ಅದರ ಕೆಲಸ. ನಾಣ್ಯದಷ್ಟು ಚಿಕ್ಕ ವಸ್ತುವಾದರೆ ಒಂದಡಿ ಆಳ ದಾಟುವುದೇ ಕಷ್ಟ. ಚಿನ್ನವನ್ನೇ ಆರಿಸಿ, ದೂರದಿಂದಲೇ ತೋರಿಸುವ ಯಂತ್ರ ಯಾರ ಬಳಿಯೂ ಇಲ್ಲ.

ಈ ತಂಡ ಮೊದಲ ಸಲ ಬಂದಾಗ ತಂದಿದ್ದು ಮಾಮೂಲಿ ಡಿಟೆಕ್ಟರ್. ಕಣದ ಪಕ್ಕ ಬ್ರಿಟಿಷರ ಕಾಲದ ಒಂದು ಕಾಲಾಣೆ ತೆಗೆದು ದೊಡ್ಡಪ್ಪನ ಕೈಗೇ ಕೊಟ್ಟರು, ಗುಂಡಿಯನ್ನು ನೀಟಾಗಿ ಮುಚ್ಚಿದರು. ಇಷ್ಟು ಮರ್ಯಾದಸ್ಥರನ್ನು ಯಾರು ತಾನೇ ಅನುಮಾನಿಸುತ್ತಾರೆ? ಎರಡನೇ ಸಲ ಬಂದಾಗ ಕೈಯಲ್ಲಿ ಪಿಸ್ತೂಲಿನ ಹಿಡಿ, ಅದರ ಮೇಲೆ ರೇಡಿಯೋ ಆಂಟೆನಾದಂಥ ಉದ್ದನೆಯ ಕಡ್ಡಿ. ‘ಲಾಂಗ್ ರೇಂಜ್ ಲೊಕೇಟರ್’ ಅಂತೆ. ಅದು ತಿರುಗಿ ನಿಂತದ್ದು ತೋಟದ ಮೇಲಂಚಿನಲ್ಲಿರುವ ಕಲ್ಗೋರಿಯ, ಅಂದರೆ ಬಲು ಹಳೇ ಕಾಲದ ಕಲ್ಲು ಸಮಾಧಿಯ ಕಡೆಗೆ. ನಮ್ಮಲ್ಲಿ ಹಿರಿಯರು ಅದನ್ನು ಪಾಂಡವರ ಮನೆ ಅನ್ನುತ್ತಾರೆ.

ಅಂಥ ಕಡ್ಡಿಯ ಒಳಗೆ ಏನೂ ಇರುವುದಿಲ್ಲ. ಹಿಡಿದವನ ಮಣಿಕಟ್ಟು ಕೂದಲೆಳೆಯಷ್ಟು ವಾಲಿದರೂ ಸಾಕು, ಕಡ್ಡಿ ತಿರುಗುತ್ತದೆ. ಬ್ರಿಟನ್ನಿನ ಜೇಮ್ಸ್ ಮೆಕಾರ್ಮಿಕ್ ಎಂಬಾತ ಇಂಥದ್ದೇ ಸಾಧನವನ್ನು ಬಾಂಬ್ ಪತ್ತೆ ಯಂತ್ರ ಎಂದು ಇರಾಕಿಗೆ ಮಾರಿದ್ದ. ಗಾಲ್ಫ್ ಚೆಂಡು ಹುಡುಕುವ ಆಟದ ಸಾಮಾನಿನಿಂದ ಹುಟ್ಟಿದ ಮೋಸ ಅದು. 2013ರಲ್ಲಿ ಅವನಿಗೆ ಹತ್ತು ವರ್ಷ ಜೈಲು ಶಿಕ್ಷೆಯಾಯಿತು.

ದೊಡ್ಡಪ್ಪನಿಗೆ ಅವರು ಹೇಳಿದ ಕಥೆ ಇದು: 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿದಾಗ ಅರಮನೆಯವರು ಚಿನ್ನವನ್ನು ಇಲ್ಲಿ ಹೂತಿಟ್ಟರು, ಇಪ್ಪತ್ತಡಿ ಆಳದಲ್ಲಿದೆ. ಆದರೆ ಕಲ್ಗೋರಿ ಆ ರಾಜರ ಕಾಲದ್ದೇ ಅಲ್ಲ, ಅದಕ್ಕಿಂತ ಸಾವಿರ ವರ್ಷಕ್ಕೂ ಹಿಂದಿನದು. ಸತ್ತವರ ಜೊತೆ ಮಡಕೆ, ಕಬ್ಬಿಣದ ಹತಾರ, ಮಣಿ ಇಡುತ್ತಿದ್ದ ಜಾಗ ಅದು. ಸೋಮವಾರಪೇಟೆ ಬಳಿಯ ದೊಡ್ಡಮಳ್ತೆಯ ಕಲ್ಗೋರಿಗಳನ್ನು ನೋಡಿದವರಿಗೆ ಗೊತ್ತಿರುತ್ತದೆ.

ರಾತ್ರಿ ಅಗೆದು ಒಂದು ಹಿತ್ತಾಳೆ ತಂಬಿಗೆ ತೆಗೆದರಂತೆ. ಉಳಿದದ್ದಕ್ಕೆ ಡೀಪ್ ಸ್ಕ್ಯಾನರ್ ಬಾಡಿಗೆಗೆ ತರಬೇಕು ಎಂದು ದುಡ್ಡು ಇಸಿದುಕೊಂಡು ಹೊರಟವರು ಮತ್ತೆ ಫೋನ್ ಎತ್ತಲಿಲ್ಲ. “ಒಮ್ಮೆ ಬಾ ಮಗಳೇ, ನೀನೇ ನೋಡು” ಎಂದು ದೊಡ್ಡಪ್ಪ ಕರೆದರು.

ತಂಬಿಗೆ ಕೈಗೆ ತೆಗೆದುಕೊಂಡ ಕೂಡಲೇ ಮೋಸ ಗೊತ್ತಾಯಿತು. ಮೇಲಿನ ಮಣ್ಣು ಹೆಬ್ಬೆರಳಲ್ಲಿ ಒರೆಸಿದರೆ ಬಿಟ್ಟುಕೊಂಡಿತು, ಅಡಿಯಲ್ಲಿ ಹಸಿರು ಕಿಲುಬೇ ಇಲ್ಲ. ಕಂಠದ ಸುತ್ತ ಕೆತ್ತಿದ ಬಳ್ಳಿಯ ಗೆರೆಗಳಲ್ಲಿ ಪಾತ್ರೆ ತಿಕ್ಕುವ ಪುಡಿ ಬೆಳ್ಳಗೆ ಒಣಗಿ ಕೂತಿತ್ತು. ಒಳಗೆ ಮೆತ್ತಿದ್ದ ಮಣ್ಣಲ್ಲಿ ಇನ್ನೂ ಕೊಳೆಯದ ಸಿಲ್ವರ್ ಓಕ್ ಎಲೆಯ ಚೂರು. ನಮ್ಮ ತೋಟದ ಮೇಲ್ಮಣ್ಣನ್ನೇ ತುಂಬಿ ಇಟ್ಟು ತೆಗೆದಿದ್ದಾರೆ.

ಮೇಲೆ ಹೋಗಿ ನೋಡಿದರೆ ಹೊಟ್ಟೆ ಉರಿಯಿತು. ಕಲ್ಗೋರಿಯ ಮುಚ್ಚಳದ ಚಪ್ಪಡಿಯನ್ನು ಹಾರೆ ಹಾಕಿ ಮೀಟಿ ಎರಡು ಹೋಳು ಮಾಡಿದ್ದರು. ಒಳಗೆ ಕಪ್ಪು, ಹೊರಗೆ ಕೆಂಪು ಇರುವ ಮಡಕೆ ಚೂರುಗಳು ಕಾಫಿ ಗಿಡದ ಬುಡದಲ್ಲೆಲ್ಲ ಚೆಲ್ಲಿದ್ದವು, ಒಡೆದ ಅಂಚು ಇನ್ನೂ ಹೊಸದು. ಯಾವ ಮಡಕೆ ಎಲ್ಲಿತ್ತು, ಪಕ್ಕದಲ್ಲಿ ಏನಿತ್ತು ಎಂಬುದರಿಂದಲೇ ಪುರಾತತ್ವದವರು ಆ ಜನರ ಬಗ್ಗೆ ತಿಳಿಯುವುದು. ಇನ್ನು ಇಲ್ಲಿ ಅದನ್ನು ಓದಲು ಯಾರಿಂದಲೂ ಆಗದು.

ಹಣ ವಾಪಸ್ ಕೇಳಿ ಮೆಸೇಜ್ ಹಾಕಿದರೆ ಬಂದ ಉತ್ತರ: “ಕಂಪ್ಲೇಂಟ್ ಕೊಡಿ, ಅಗೆಸಿದ್ದು ನೀವೇ ಅಂತ ಹೇಳುತ್ತೇವೆ.” ಈ ಬೆದರಿಕೆಗೇ ಹೆದರಿ ಎಷ್ಟು ಮನೆಯವರು ಬಾಯಿ ಮುಚ್ಚಿಕೊಂಡಿದ್ದಾರೋ. ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆ ಇದೆ. ನೆಲದಲ್ಲಿ ಬೆಲೆಬಾಳುವುದು ಸಿಕ್ಕರೆ ಸ್ವಂತ ಜಾಗವಾದರೂ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ನೂರು ವರ್ಷ ದಾಟಿದ ನಾಣ್ಯ, ವಿಗ್ರಹಗಳಿಗೆ 1972ರ ಪುರಾತನ ವಸ್ತುಗಳ ಕಾಯ್ದೆ ಅನ್ವಯಿಸುತ್ತದೆ. ಕಾನೂನು ಗೊತ್ತಿರುವುದರಿಂದಲೇ ಅವರು ರಾತ್ರಿ ಬರುವುದು, ಮನೆಯವರ ಕೈಯಲ್ಲೇ ಗುದ್ದಲಿ ಹಿಡಿಸಿ ಫೋಟೋ ತೆಗೆಯುವುದು. ದೊಡ್ಡಪ್ಪನದ್ದೂ ತೆಗೆದಿದ್ದಾರೆ. ಆದರೂ ನಾವು ತಂಬಿಗೆ, ಮೆಸೇಜ್, ಹಣ ಕಳಿಸಿದ ದಾಖಲೆ ಎಲ್ಲವನ್ನೂ ಕೊಟ್ಟು ದೂರು ದಾಖಲಿಸಿದ್ದೇವೆ. ಚೂರುಗಳನ್ನು ಬಿದ್ದಲ್ಲೇ ಬಿಟ್ಟು ಟಾರ್ಪಾಲು ಹೊದಿಸಿದ್ದೇವೆ.

ಡಿಟೆಕ್ಟರ್ ಗೆಳೆಯರಲ್ಲಿ ಒಂದು ವಿನಂತಿ. ಈ ತಂಡಕ್ಕೆ ನಮ್ಮ ತೋಟದ ದಾರಿ ಗೊತ್ತಾದದ್ದು ನಮ್ಮವರೇ ಒಬ್ಬರು ವಾಟ್ಸಾಪಲ್ಲಿ ಹಾಕಿದ ಕಲ್ಗೋರಿಯ ಫೋಟೋದಿಂದ. ದೇವರಕಾಡು, ಕೈಮಡ (ಹಿರಿಯರ ಗುಡಿ), ಕಡಂಗ (ಹಳೇ ಯುದ್ಧದ ಕಂದಕ), ಕಲ್ಗೋರಿ ಇರುವಲ್ಲಿ ಡಿಟೆಕ್ಟರ್ ಆನ್ ಮಾಡಲೇಬೇಡಿ, ಅವುಗಳ ಲೊಕೇಶನ್ ಯಾರಿಗೂ ಕಳಿಸಬೇಡಿ.

ಅದೇ ಕಡ್ಡಿ ಹಿಡಿದವರು ಈಗ ಶನಿವಾರಸಂತೆ ಕಡೆ ಕಾಣಿಸಿಕೊಂಡಿದ್ದಾರೆ ಎಂದು ಪರಿಚಯದವರು ಹೇಳಿದರು. ಮೂವರು ಗಂಡಸರು, ಬಿಳಿ ಜೀಪು, ಮಾತು ಬಲು ನಯ. ನಿಮ್ಮ ಕಡೆ ಬಂದರೆ ಗೇಟಿನ ಹೊರಗೇ ನಿಲ್ಲಿಸಿ, ಗಾಡಿ ನಂಬರ್ ಬರೆದುಕೊಂಡು 112ಕ್ಕೆ ಫೋನ್ ಮಾಡಿ. ಈಗಾಗಲೇ ಹಣ ಕೊಟ್ಟವರಿದ್ದರೆ ನೀವೂ ಠಾಣೆಗೆ ಹೋಗಿ ದೂರು ಕೊಡಿ; ಒಂದೇ ಮನೆಯ ದೂರಿಗಿಂತ ನಾಲ್ಕು ಮನೆಯದ್ದಕ್ಕೆ ತೂಕ ಹೆಚ್ಚು.