ನಡೆದು ಆಡುವವರ ಗಾಲ್ಫ್ ಬ್ಯಾಗ್: ಹೆಗಲ ಮೇಲೋ, ಗಾಲಿಯ ಮೇಲೋ?

ಹದಿನೆಂಟು ಹೋಲ್‌ಗಳ ಗಾಲ್ಫ್ ಕೋರ್ಸಿನ ಉದ್ದ ಸ್ಕೋರ್‌ಕಾರ್ಡಿನಲ್ಲಿ ಸುಮಾರು 6 ಕಿಲೋಮೀಟರ್ ಎಂದಿದ್ದರೂ, ಒಂದು ಗ್ರೀನ್‌ನಿಂದ (ಕುಳಿ ಇರುವ ನುಣುಪು ಹುಲ್ಲಿನ ಜಾಗ) ಮುಂದಿನ ಟೀಗೆ (ಮೊದಲ ಹೊಡೆತದ ಜಾಗ) ಹೋಗುವ ದಾರಿ, ಅಡ್ಡ ಹೋದ ಚೆಂಡಿನ ಹುಡುಕಾಟ ಎಲ್ಲವೂ ಸೇರಿ ನಡೆದು ಆಡುವವರು 8ರಿಂದ 10 ಕಿಲೋಮೀಟರ್ ಕ್ರಮಿಸಿರುತ್ತಾರೆ. ಅಷ್ಟು ದೂರ ಕ್ಲಬ್‌ಗಳೂ, ಅಂದರೆ ಚೆಂಡು ಹೊಡೆಯುವ ಕೋಲುಗಳೂ, ನಮ್ಮೊಂದಿಗೆ ಬರಬೇಕು. ಹೇಗೆ ತರುವುದು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ನಾನು ಒಂದು ವರ್ಷದ ಅವಧಿಯಲ್ಲಿ ಎರಡು ಕೋರ್ಸ್‌ಗಳಲ್ಲಿ ಬೇರೆ ಬೇರೆ ವಿಧಾನಗಳನ್ನು ಪ್ರಯೋಗಿಸಿದೆ. ಒಂದು, ಚಾಮುಂಡಿ ಬೆಟ್ಟದ ಬುಡದಲ್ಲಿ, ಕುದುರೆ ಪಂದ್ಯದ ಮೈದಾನದೊಳಗೆ ಇರುವ ಮೈಸೂರಿನ ಕೋರ್ಸ್. ಅದು ಬಹುಮಟ್ಟಿಗೆ ಸಮತಟ್ಟು. ಇನ್ನೊಂದು, ವಿರಾಜಪೇಟೆಯ ಸಮೀಪ ಬಿಟ್ಟಂಗಾಲದಲ್ಲಿ ಕಾಫಿ ತೋಟಗಳ ನಡುವಿರುವ ಏರಿಳಿತದ ಕೋರ್ಸ್. ಹದಿನೈದನೆಯ ಹೋಲ್‌ನಲ್ಲಿ ಎರಡನೆಯ ಹೊಡೆತಕ್ಕೆ ನಿಂತಾಗ ನನ್ನ ಸೊಂಟ, ಹೆಗಲು ಮತ್ತು ಅಂಗೈ ಯಾವ ಸ್ಥಿತಿಯಲ್ಲಿವೆ ಎಂಬುದನ್ನೇ ಅಳತೆಗೋಲಾಗಿ ಇಟ್ಟುಕೊಂಡೆ. ಗಾಲ್ಫ್ ಆಡುವವರಿಗೆ ಹೆಚ್ಚು ತೊಂದರೆ ಕೊಡುವುದು ಸೊಂಟವೇ ಆದ್ದರಿಂದ ಅದಕ್ಕೆ ಮೊದಲ ಸ್ಥಾನ.

ಮೊದಲು ತೂಕದ ವಿಚಾರ. ದೂರದ ಹೊಡೆತದ ಕ್ಲಬ್ ಡ್ರೈವರ್ 300 ಗ್ರಾಂಗಿಂತ ತುಸು ಹೆಚ್ಚು, ಲೋಹದ ತೆಳು ತಲೆಯ ಐರನ್‌ಗಳು ತಲಾ 400 ಗ್ರಾಂ ದಾಟುತ್ತವೆ, ಗ್ರೀನ್ ಮೇಲೆ ಚೆಂಡು ಉರುಳಿಸುವ ಪಟರ್ ಅರ್ಧ ಕಿಲೋ ಮೀರುತ್ತದೆ. ನನ್ನ 14 ಕ್ಲಬ್‌ಗಳು ಒಟ್ಟು 5.6 ಕಿಲೋ ತೂಗಿದವು. ಕಾಲುಗಳಿರುವ ಸ್ಟ್ಯಾಂಡ್ ಬ್ಯಾಗ್ 2.3 ಕಿಲೋ. ಒಂದು ಡಜನ್ ಚೆಂಡು, ಒಂದು ಲೀಟರ್ ನೀರು, ಕೊಡೆ, ಟವೆಲ್ ಸೇರಿದಾಗ ಒಟ್ಟು ಭಾರ 10.4 ಕಿಲೋಗೆ ಮುಟ್ಟಿತು.

ಈ 10.4 ಕಿಲೋವನ್ನು ಎರಡು ಹೆಗಲುಪಟ್ಟಿಗಳ ಮೇಲೆ ಹೊತ್ತು ಮೈಸೂರಿನಲ್ಲಿ ಆರು ಸುತ್ತು ಆಡಿದೆ. ಹೊರುವುದರಲ್ಲಿ ಇರುವ ಸ್ವಾತಂತ್ರ್ಯ ಬೇರಾವುದರಲ್ಲೂ ಇಲ್ಲ: ಚೆಂಡು ಎಲ್ಲಿ ಬಿದ್ದಿದೆಯೋ ಅಲ್ಲಿಗೆ ನೇರವಾಗಿ ಹೋಗಬಹುದು, ಗ್ರೀನ್ ಮತ್ತು ಬಂಕರ್‌ಗಳ (ಮರಳುಗುಂಡಿಗಳ) ನಡುವಿನ ಕಿರಿದಾದ ಜಾಗದಲ್ಲಿ ಸಾಗಬಹುದು, ಬ್ಯಾಗನ್ನು ನೆಲಕ್ಕೆ ತಾಗಿಸಿದೊಡನೆ ಕಾಲುಗಳು ತಾವೇ ತೆರೆದುಕೊಳ್ಳುವುದರಿಂದ ಬಗ್ಗುವ ಅಗತ್ಯವೂ ಇಲ್ಲ. ಮೊದಲ ಒಂಬತ್ತು ಹೋಲ್‌ಗಳಲ್ಲಿ ಯಾವ ದೂರೂ ಇರಲಿಲ್ಲ. ಹನ್ನೆರಡನೆಯದರ ನಂತರ ಮಾತ್ರ ಸೊಂಟ ಬಿಗಿಯತೊಡಗಿ, ಹಿಂದಕ್ಕೆ ತಿರುಗುವ ಚಲನೆ ಮೊಟಕಾಗಿ, ಚೆಂಡು ಬಲಕ್ಕೆ ಹೋಗುವುದು ಹೆಚ್ಚಾಯಿತು. ಮಾರ್ಚ್ ತಿಂಗಳ ಬಿಸಿಲಿನಲ್ಲಿ ಇದು ಇನ್ನೂ ಬೇಗ ಶುರುವಾಗುತ್ತಿತ್ತು. ಹೆಗಲುಪಟ್ಟಿಗಳನ್ನು ಬಿಗಿಗೊಳಿಸಿ, ಬ್ಯಾಗು ಸೊಂಟದ ಮೇಲ್ಭಾಗದಲ್ಲಿ ಅಡ್ಡವಾಗಿ ಕೂರುವಂತೆ ಮಾಡಿಕೊಂಡ ಮೇಲೆ ಸ್ವಲ್ಪ ಅನುಕೂಲವಾಯಿತು. ಬ್ಯಾಗು ಕೆಳಗೆ ಜೋತುಬಿದ್ದಷ್ಟೂ ನಡೆಯುವಾಗ ಬೆನ್ನನ್ನು ಹಿಂದಕ್ಕೆ ಜಗ್ಗುತ್ತದೆ ಎಂಬುದನ್ನು ಹೊಸಬರು ಗಮನಿಸಬೇಕು.

ಅರ್ಧ ಸೆಟ್ಟಿನ ಪ್ರಯೋಗ ನನ್ನ ಅಭಿಪ್ರಾಯವನ್ನೇ ಬದಲಿಸಿತು. ನಿಯಮದಲ್ಲಿರುವ 14 ಎಂಬ ಸಂಖ್ಯೆ ಮೇಲಿನ ಮಿತಿಯೇ ಹೊರತು ಅಷ್ಟನ್ನೂ ಒಯ್ಯಬೇಕೆಂಬ ಕಟ್ಟಳೆಯಲ್ಲ. ಡ್ರೈವರ್, ಐದನೆಯ ವುಡ್, ಒಂದು ಹೈಬ್ರಿಡ್, ಆರು, ಎಂಟು ಮತ್ತು ಒಂಬತ್ತನೆಯ ಐರನ್, ಎರಡು ವೆಜ್, ಪಟರ್, ಹೀಗೆ ಒಂಬತ್ತು ಕ್ಲಬ್‌ಗಳನ್ನು 1.2 ಕಿಲೋ ತೂಕದ ತೆಳ್ಳನೆಯ ಪೆನ್ಸಿಲ್ ಬ್ಯಾಗಿನಲ್ಲಿ ಇಟ್ಟು, ಚೆಂಡುಗಳನ್ನು ಆರಕ್ಕೆ ಇಳಿಸಿ, ಕೊಡೆಯನ್ನು ಬಿಟ್ಟಾಗ, ನೀರೂ ಸೇರಿ ಭಾರ 6.5 ಕಿಲೋ ಆಯಿತು. ಏಳನೆಯ ಐರನ್ ಬೇಕಾದ ದೂರಕ್ಕೆ ಆರನೆಯದನ್ನು ಹಿಡಿಕೆಯ ಕೆಳಗೆ ಹಿಡಿದು ಮೆಲ್ಲನೆ ಹೊಡೆಯುವುದನ್ನು ಕಲಿಯಬೇಕಾಯಿತು. ಆರು ಸುತ್ತುಗಳ ಸರಾಸರಿಯಲ್ಲಿ ಪೂರ್ಣ ಸೆಟ್ಟಿಗಿಂತ ಹೆಚ್ಚಾದದ್ದು ಎರಡು ಹೊಡೆತಕ್ಕಿಂತ ಕಡಿಮೆ. ಹದಿನೈದನೆಯ ಹೋಲ್‌ನಲ್ಲಿ ಸೊಂಟ ಮಾತ್ರ ಮೊದಲ ಹೋಲ್‌ನಲ್ಲಿದ್ದಷ್ಟೇ ಹಗುರ. ಬಿಟ್ಟಂಗಾಲದ ಏರುಗಳಲ್ಲಿ ಇದಕ್ಕೆ ಸಾಟಿಯಾದದ್ದು ನನಗೆ ಸಿಗಲಿಲ್ಲ.

ಎರಡು ಗಾಲಿಯ, ನಮ್ಮ ಹಿಂದೆ ಎಳೆದುಕೊಂಡು ಹೋಗುವ ಟ್ರಾಲಿ ಅಗ್ಗ, ಹಗುರ, ಮಡಿಸಲು ಸುಲಭ. ಆದರೆ ಒಂದು ತೋಳು ಸದಾ ಹಿಂದಕ್ಕೆ ಚಾಚಿಕೊಂಡು ಮೈ ಒಂದು ಬದಿಗೆ ತಿರುಚಿದಂತಿರುವುದರಿಂದ, ಕೈ ಬದಲಿಸುತ್ತಲೇ ಇದ್ದರೂ ಮೂರು ಸುತ್ತುಗಳಲ್ಲಿ ನನ್ನ ಬಲಹೆಗಲು ನೋಯತೊಡಗಿತು. ಅದನ್ನು ಅಲ್ಲಿಗೇ ನಿಲ್ಲಿಸಿದೆ.

ಮೂರು ಗಾಲಿಯ, ಮುಂದಕ್ಕೆ ತಳ್ಳುವ ಟ್ರಾಲಿಯ ಮಾತೇ ಬೇರೆ. ನನ್ನದು 7.6 ಕಿಲೋ ತೂಗುತ್ತದೆ. ಸಮತಟ್ಟಾದ ನೆಲದಲ್ಲಿ ಅದನ್ನು ಬೆರಳ ತುದಿಯಿಂದ ಮುಟ್ಟಿದರೆ ಸಾಕು, ತಾನೇ ಉರುಳುತ್ತದೆ. ಬೆನ್ನು ನೆಟ್ಟಗಿರುತ್ತದೆ, ಎರಡೂ ಕೈಗಳಿಗೆ ಸಮಾನ ಕೆಲಸ, ನೀರಿನ ಬಾಟಲಿ ಮತ್ತು ಸ್ಕೋರ್‌ಕಾರ್ಡ್ ಕಣ್ಣೆದುರಿಗೇ ಇರುತ್ತವೆ. ಮುಂಗಾಲಿ ಒಂದು ಬದಿಗೆ ಎಳೆದರೆ ಅದರ ತಿರುಪನ್ನು ತುಸು ಸರಿಪಡಿಸಬೇಕು. ಇಲ್ಲವಾದರೆ ದಿನವಿಡೀ ಮಣಿಕಟ್ಟಿನಿಂದ ಅದನ್ನು ತಿದ್ದುತ್ತಲೇ ಇರಬೇಕಾಗುತ್ತದೆ. ತಳ್ಳುವುದರಿಂದ ವ್ಯಾಯಾಮ ಕಡಿಮೆಯಾಗುತ್ತದೆಂಬ ಮಾತನ್ನು ಆಗಾಗ ಕೇಳುತ್ತೇನೆ. 2008ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಕ್ರೀಡಾವಿಜ್ಞಾನಿ ನೀಲ್ ವೋಲ್ಕೋಡಾಫ್ ಒಂಬತ್ತು ಹೋಲ್‌ಗಳ ಆಟದಲ್ಲಿ ಅಳೆದಾಗ, ಬ್ಯಾಗು ಹೊತ್ತವರು 721 ಕ್ಯಾಲೊರಿ, ತಳ್ಳಿದವರು 718, ಕ್ಯಾಡಿಯೊಂದಿಗೆ (ಬ್ಯಾಗು ಹೊರುವ ಸಹಾಯಕ) ನಡೆದವರು 613 ಕ್ಯಾಲೊರಿ ವ್ಯಯಿಸಿದ್ದರು. ಕಡಿಮೆಯಾಗುವುದು ಬೆನ್ನಿನ ಮೇಲಿನ ಹೊರೆ, ವ್ಯಾಯಾಮವಲ್ಲ. ಚೆಂಡು ಆಕಸ್ಮಿಕವಾಗಿ ತನ್ನದೇ ಟ್ರಾಲಿಗೆ ಬಡಿದರೆ ದಂಡದ ಹೊಡೆತ ಸೇರುತ್ತದೆಂಬ ಹಳೆಯ ಭಯವೂ 2019ರ ನಿಯಮಗಳಿಂದ ಇಲ್ಲವಾಗಿದೆ.

ಇದೇ ಟ್ರಾಲಿಯನ್ನು ಕೊಡಗಿಗೆ ಒಯ್ದಾಗ ಲೆಕ್ಕ ತಲೆಕೆಳಗಾಯಿತು. ಗಾಲಿಗಳು ಭಾರ ಹೊರುವುದು ಸಮನೆಲದಲ್ಲಿ ಮಾತ್ರ. ದಿಣ್ಣೆ ಏರುವಾಗ ಬ್ಯಾಗಿನ 10.4 ಕಿಲೋ ಜೊತೆಗೆ ಟ್ರಾಲಿಯ 7.6 ಕಿಲೋವನ್ನೂ ಸೇರಿಸಿ 18 ಕಿಲೋವನ್ನು ನಮ್ಮ ಕಾಲುಗಳೇ ಮೇಲಕ್ಕೆ ಏರಿಸಬೇಕು. ಹೊತ್ತವರು ಅಲ್ಲಿ ಏರಿಸುವುದು 10.4 ಕಿಲೋ, ಅರ್ಧ ಸೆಟ್ಟಿನವರು 6.5 ಮಾತ್ರ. ಇಳಿಯುವಾಗ ಟ್ರಾಲಿಯನ್ನು ಹಿಡಿದು ನಿಲ್ಲಿಸುವ ಶ್ರಮ ಬೇರೆ. ಒಮ್ಮೆ ಬ್ರೇಕ್ ಹಾಕಲು ಮರೆತು, ಅದು ಇಳಿಜಾರಿನಲ್ಲಿ ಉರುಳಿ ಕಾಫಿ ಗಿಡಗಳ ಬದಿಯಲ್ಲಿ ಮಗುಚಿಕೊಂಡಿತು, ಹೈಬ್ರಿಡ್‌ನ ಶಾಫ್ಟ್ ಮುರಿಯಿತು. ಮುಂಗಾರಿನಲ್ಲಿ ಅಂಟುಮಣ್ಣು ಗಾಲಿಗಳಿಗೆ ಮೆತ್ತಿಕೊಂಡು ಅವು ತಿರುಗುವುದೇ ಕಷ್ಟವಾಗುತ್ತದೆ. ನೆನೆದ ಫೇರ್‌ವೇ (ಟೀಯಿಂದ ಗ್ರೀನ್‌ವರೆಗಿನ ಹುಲ್ಲುಹಾಸು) ಮೇಲೆ ಗಾಲಿಯ ಗೆರೆಗಳು ಬೀಳುವುದರಿಂದ ಅಂಥ ದಿನಗಳಲ್ಲಿ ಟ್ರಾಲಿಯನ್ನು ಇಳಿಸದಿರುವುದೇ ಸರಿ.

ಬ್ಯಾಟರಿ ಚಾಲಿತ ಟ್ರಾಲಿಯನ್ನು ಸ್ನೇಹಿತರೊಬ್ಬರಿಂದ ಪಡೆದು ಎರಡು ಸುತ್ತು ಆಡಿದೆ. ದಿಣ್ಣೆಯ ಸಮಸ್ಯೆಯನ್ನು ಅದು ಪೂರ್ತಿಯಾಗಿ ನೀಗಿಸುತ್ತದೆ, ಸೊಂಟ ನೋವಿರುವ ಹಿರಿಯರು ನಡೆದು ಆಡುವುದನ್ನು ಬಿಡದಿರಲು ಇದಕ್ಕಿಂತ ಒಳ್ಳೆಯ ಉಪಾಯ ಕಾಣೆ. ಆದರೆ ಬ್ಯಾಟರಿಯೊಂದಿಗೆ 13 ಕಿಲೋ ತೂಗುವ ಅದನ್ನು ಕಾರಿನ ಡಿಕ್ಕಿಗೆ ಎತ್ತಿಡುವಾಗ ಉಳಿಸಿದ ಸೊಂಟಕ್ಕೇ ಪೆಟ್ಟು ಬೀಳುವ ಸಂಭವವಿದೆ. ವಿಮಾನದಲ್ಲಿ ಒಯ್ಯುವವರು ಗಮನಿಸಬೇಕಾದದ್ದು: ಪ್ರಯಾಣಿಕರು 100 ವ್ಯಾಟ್-ಅವರ್‌ಗಿಂತ ಹೆಚ್ಚಿನ ಲಿಥಿಯಂ ಬಿಡಿ ಬ್ಯಾಟರಿಗೆ ವಿಮಾನ ಸಂಸ್ಥೆಯ ಅನುಮತಿ ಪಡೆಯಬೇಕು, 160 ದಾಟಿದರೆ ಒಯ್ಯುವಂತೆಯೇ ಇಲ್ಲ.

ಕ್ಯಾಡಿಯನ್ನು ಈ ಸಾಲಿನಲ್ಲಿ ಸಾಗಣೆಯ ಒಂದು ವಿಧಾನವೆಂದು ಇಡಲು ನನಗೆ ಮನಸ್ಸಿಲ್ಲ. ಮೈಸೂರಿನಲ್ಲಿ ನನ್ನೊಂದಿಗೆ ಬರುವವರು ಆ ಹುಲ್ಲಿನ ಮೇಲೆ ಇಪ್ಪತ್ತು ವರ್ಷ ನಡೆದವರು. "ಸಾರ್, ಗಾಳಿ ಬೆಟ್ಟದ ಕಡೆಯಿಂದ ತಿರುಗಿದೆ, ಒಂದು ಕ್ಲಬ್ ಜಾಸ್ತಿ ತಗೊಳ್ಳಿ" (ಅಂದರೆ ಇನ್ನೂ ದೂರ ಹೊಡೆಯುವ ಕ್ಲಬ್) ಎಂದು ಅವರು ಹೇಳಿದ್ದು ಸುಳ್ಳಾದ ದಿನ ನೆನಪಿಲ್ಲ. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಬೆಂಗಳೂರಿನ ಸಿ. ಮುನಿಯಪ್ಪ ಕ್ಯಾಡಿಯಾಗಿದ್ದುಕೊಂಡೇ ಆಟ ಕಲಿತವರು ಎಂಬುದನ್ನು ನೆನೆದರೆ, ನಮ್ಮ ಬ್ಯಾಗು ಹೊರುವವರಿಗೆ ಆಟ ಎಷ್ಟು ಗೊತ್ತಿರಬಹುದು ಎಂಬುದು ತಿಳಿಯುತ್ತದೆ. ನಿಯಮವೂ ಅವರಿಗೆ ಟ್ರಾಲಿಗಿಲ್ಲದ ಸ್ಥಾನ ಕೊಟ್ಟಿದೆ: ಅವರು ಸಲಹೆ ಕೊಡಬಹುದು, 2019ರಿಂದ ಗ್ರೀನ್ ಮೇಲಿನ ಚೆಂಡನ್ನು ನಮ್ಮನ್ನು ಕೇಳದೆಯೇ ಗುರುತಿಟ್ಟು ಎತ್ತಬಹುದು, ಅವರ ತಪ್ಪಿಗೆ ದಂಡ ಬೀಳುವುದೂ ನಮಗೇ.

ಈಗ ಮೈಸೂರಿನಲ್ಲಿ ಮೂರು ಗಾಲಿಯ ಟ್ರಾಲಿಯನ್ನು ತೆಗೆದುಕೊಂಡು ಹೋಗುತ್ತೇನೆ; ಕ್ಯಾಡಿ ಜೊತೆಗಿದ್ದಾಗ ಅದನ್ನು ಸರದಿಯ ಮೇಲೆ ತಳ್ಳುತ್ತೇವೆ. ಬಿಟ್ಟಂಗಾಲಕ್ಕೆ ಹೋಗುವಾಗ ಒಂಬತ್ತು ಕ್ಲಬ್‌ಗಳ ಪೆನ್ಸಿಲ್ ಬ್ಯಾಗು ಮಾತ್ರ. ಅಲ್ಲಿ ಕ್ಯಾಡಿ ಸಿಕ್ಕ ದಿನವೂ ಪೂರ್ಣ ಸೆಟ್ಟನ್ನು ಕಾರಿನಲ್ಲೇ ಬಿಡುತ್ತೇನೆ, ಏಕೆಂದರೆ ನನ್ನ ಸೊಂಟಕ್ಕೆ ಆಗದ 10.4 ಕಿಲೋ ಭಾರವನ್ನು ಆ ದಿಣ್ಣೆಗಳ ಮೇಲೆ ಇನ್ನೊಬ್ಬರ ಹೆಗಲಿಗೆ ಹೊರಿಸುವುದು ನನಗೆ ಸರಿಕಾಣುವುದಿಲ್ಲ.